ಅಣ್ಣಯ್ಯನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಔಷಧಿ ಹಾಕುತ್ತಿದ್ದರು. ಈಗ ಏನು ಮಾಡಲಿ?

ತುಂಗೆಮಗಳು:

ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನನ್ನ ತವರು ತೀರ್ಥಹಳ್ಳಿ ಕಡೆ. ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ.

ಎರಡು ವರ್ಷದ ಹಿಂದೆ ಅಣ್ಣಯ್ಯ ಪಾಲು ಕೇಳಿದ. ಆ ಮಳೆಗಾಲ ಅಡಿಕೆಗೆ ಕೊಳೆ ರೋಗ ಬಂದು ಅರ್ಧ ಫಸಲು ಉದುರಿತ್ತು, ಮೇಲೆ ಸೊಸೈಟಿ ಸಾಲ, ಅಪ್ಪಯ್ಯನಿಗೆ ಮೊದಲೇ ತಲೆ ಕೆಟ್ಟಿತ್ತು. ಮಾತಿಗೆ ಮಾತು ಬೆಳೆಯಿತು. ಅಣ್ಣಯ್ಯನೂ ಸುಮ್ಮನಿರುವವನಲ್ಲ, ಒಪ್ಪುತ್ತೇನೆ. ನಾಲ್ಕು ದಿನ ನಿದ್ದೆ ಮಾಡಲಿಲ್ಲ. ರಾತ್ರಿಯೆಲ್ಲ ತೋಟದಲ್ಲಿ ಒಬ್ಬನೇ ಓಡಾಡುತ್ತಿದ್ದ. ಕೊನೆಗೆ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ತಗೊಂಡು ಜಗಲಿ ಮೇಲಿನ ಹೆಂಚು ಒಡೆದ. ನಾಲ್ಕು ಜನ ಹಿಡಿದು ಜೀಪಿಗೆ ಹಾಕಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. 19 ದಿನ ಅಲ್ಲಿದ್ದ.

ವಾಪಸ್ ಬಂದವನು ಮಾತ್ರೆ ಬೇಡ ಅಂದ. ಅಪ್ಪಯ್ಯ ಒಬ್ಬರೇ ಹೋಗಿ ಹೇಳಿದರು, ಡಾಕ್ಟರು ಇವನ ಮುಖ ನೋಡದೇನೇ ಹನಿ ಔಷಧಿ ಬರೆದುಕೊಟ್ಟರಂತೆ. ಅಮ್ಮ ಅದನ್ನು ತಂಬುಳಿಗೆ ಹಾಕುತ್ತಿದ್ದಳು. ಒಂದು ವರ್ಷಕ್ಕೂ ಜಾಸ್ತಿ! ನನಗೂ ಹೇಳಿರಲಿಲ್ಲ.

ಈ ಸಲ ಅಡಿಕೆ ಸುಲಿಯುವಾಗ ಊರಿಗೆ ಹೋಗಿದ್ದೆ. ಅಣ್ಣಯ್ಯ ಮೆಟ್ಟುಗತ್ತಿ ಮುಂದೆ ಕೂತರೆ ಕಾಯಿ ಕಡೆ ನೋಡುತ್ತಲೂ ಇರಲಿಲ್ಲ, ಕಥೆ ಹೇಳುತ್ತಾ ಸುಲಿಯುತ್ತಿದ್ದವನು. ಈಗ ಒಂದು ಕಾಯಿ ಹಿಡಿದ, ಕೈ ನಡುಗಿ ಜಾರಿತು. ಇನ್ನೊಂದು ಹಿಡಿದ. ಅದೂ ಜಾರಿತು. ಬಾಯಿ ಅಂಚಲ್ಲಿ ಜೊಲ್ಲು. ಕೂತಿದ್ದ ಹೆಂಗಸರೆಲ್ಲ ನೋಡದ ಹಾಗೆ ಇದ್ದರು. ಅಪ್ಪಯ್ಯ ಮಾತ್ರ, "ಈಗ ಎಷ್ಟೋ ವಾಸಿ, ಗಲಾಟೆ ಇಲ್ಲ" ಅಂದರು.

ಹೋದ ತಿಂಗಳು ಬಾಟಲಿ ಅವನ ಕಣ್ಣಿಗೆ ಬಿತ್ತು. ಅವತ್ತಿನಿಂದ ಅಮ್ಮನ ಕೈ ಊಟ ಬಿಟ್ಟಿದ್ದಾನೆ. ಬಚ್ಚಲ ಒಲೆಯಲ್ಲಿ ತಾನೇ ಗಂಜಿ ಬೇಯಿಸಿಕೊಳ್ಳುತ್ತಾನೆ. ಇದನ್ನು ಹೇಳಿದರೆ ಡಾಕ್ಟರು, "ಊಟದಲ್ಲಿ ಏನೋ ಹಾಕಿದ್ದಾರೆ ಅನ್ನೋ ಸಂಶಯ ಕಾಯಿಲೆಯ ಲಕ್ಷಣ, ಡೋಸ್ ಏರಿಸೋಣ" ಅಂದರಂತೆ. ಹಾಕಿದ್ದು ನಿಜ ಅಲ್ವಾ?

ಔಷಧಿ ಈಗ ಪೂರ್ತಿ ನಿಂತಿದೆ. ಅಪಾಯವಾ? ಯಾರಾದರೂ ಹೇಳಿ.

ಮಾತ್ರೆಡಬ್ಬಿ:

ನಾನು ಸಾಗರದಲ್ಲಿ ಮೆಡಿಕಲ್ ಶಾಪ್‌ನಲ್ಲಿದ್ದೇನೆ, ಡಾಕ್ಟರ್ ಅಲ್ಲ. ಇಂಥ ಕಾಯಿಲೆಗೆ ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ತರಹದ ಔಷಧಿಗಳು ಮಿದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಡಿಮೆಯಾಗುವುದೂ ಅದೇ ಡೋಪಮೈನ್. ಹಾಗಾಗಿ ಕೈನಡುಕ, ಮೈ ಬಿಗಿ, ಜೊಲ್ಲು ಬರಬಹುದು. ಕೆಲವರಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಕೂತಲ್ಲಿ ಕೂರಲಾರರು. ಅದಕ್ಕೆ ಅಕಥೀಸಿಯಾ ಅಂತಾರೆ. ಮನೆಯವರು ಕಾಯಿಲೆ ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ, ಡೋಸ್ ಏರುತ್ತದೆ, ಚಡಪಡಿಕೆ ಇನ್ನೂ ಏರುತ್ತದೆ. ವರ್ಷಗಟ್ಟಲೆ ತಗೊಂಡರೆ ಕೆಲವರಿಗೆ ಬಾಯಿ, ನಾಲಿಗೆ ತಂತಾನೇ ಆಡುವುದು ಶುರುವಾಗುತ್ತದೆ, ಔಷಧಿ ಬಿಟ್ಟರೂ ಅದು ಹೋಗದೆ ಇರಬಹುದು. ಆದರೆ ಒಮ್ಮೆಲೇ ನಿಲ್ಲಿಸುವುದೂ ಒಳ್ಳೆಯದಲ್ಲ ಅಕ್ಕಾ. ಅವರ ನಿದ್ದೆ ಗಮನಿಸಿ. ಎರಡು ರಾತ್ರಿ ನಿದ್ದೆ ಕೆಟ್ಟರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ, ದುಡ್ಡು ಬೇಡ.

ಘಟ್ಟದಮೇಲಿನವ:

ಎಲ್ಲರೂ ಅಪ್ಪ ಅಮ್ಮನನ್ನೇ ಬೈಯಲು ಶುರು ಮಾಡುವ ಮೊದಲು ಒಂದು ಮಾತು. ಶಿವಮೊಗ್ಗದಲ್ಲಿ ಕೂತು ಬರೆಯುವುದು ಸುಲಭ ಮಾರಾಯ್ರೆ. ಆಷಾಢದ ರಾತ್ರಿ, ಕರೆಂಟ್ ಇಲ್ಲ, ಫೋನ್ ಸಿಗಲ್ಲ, ಪಕ್ಕದ ಮನೆ ಗುಡ್ಡದ ಆಚೆ, ಮಗ ದೋಟಿ ಹಿಡಿದು ನಿಂತಿದ್ದಾನೆ. ಏನು ಮಾಡುತ್ತೀರಿ? ನನ್ನ ತಮ್ಮನಿಗೆ ನಾನೇ ಕಾಫಿಯಲ್ಲಿ ಮಾತ್ರೆ ಅರೆದು ಹಾಕಿದ್ದೇನೆ. ಒಂದು ವಾರ ಮನೆಯವರೆಲ್ಲ ನಿದ್ದೆ ಮಾಡಿದೆವು. ಗೊತ್ತಾದ ಮೇಲೆ ಅವನು ಆರು ವರ್ಷದಿಂದ ನನ್ನ ಹತ್ತಿರ ಮಾತಾಡಿಲ್ಲ, ಅದೂ ನಿಜ.

ನಾನೇಪೇಷೆಂಟು:

9 ವರ್ಷದಿಂದ ಲಿಥಿಯಂ ತಗೊಳ್ಳುತ್ತಿದ್ದೇನೆ, ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಮಾತ್ರೆ. ಮಾತ್ರೆ ನನಗೆ ವೈರಿ ಅಲ್ಲ, ಅದಿಲ್ಲದಿದ್ದರೆ ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ. ಆದರೆ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಕಿಡ್ನಿ ಎಲ್ಲ ಆಗಾಗ ನೋಡಿಸಬೇಕು ಅಂತ ನನಗೆ ಹೇಳಿದ್ದು ಮೂರನೇ ಡಾಕ್ಟರು. ಮೊದಲಿನ ಇಬ್ಬರು ನನ್ನ ಅಣ್ಣನ ಜೊತೆ ಮಾತಾಡಿ ಕಳಿಸುತ್ತಿದ್ದರು, ನಾನು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದೆ.

ನಿಮ್ಮ ಬರಹದಲ್ಲಿ ಅಪ್ಪಯ್ಯನ ಮಾತಿದೆ, ಡಾಕ್ಟರ ಮಾತಿದೆ. ಅಣ್ಣಯ್ಯನ ಮಾತು ಒಂದೂ ಇಲ್ಲ ನೋಡಿ.

ಕೋರ್ಟುಕಟ್ಟೆ:

2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡಿ. ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳಲು ಮೊದಲ ಸಲಕ್ಕೆ 30 ದಿನ ಮಿತಿ, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು. 19 ದಿನ ಅಂದರೆ ಮಿತಿಯೊಳಗೇ ಇದೆ, ಅದಕ್ಕೆ ಜಗಳ ಬೇಡ. ಪರೀಕ್ಷೆಯ ದಾಖಲೆ ಕೇಳಿ. ಅದನ್ನು ಪಡೆಯುವ ಹಕ್ಕು ಅಣ್ಣನಿಗೆ ಇದೆ, 25ನೇ ಸೆಕ್ಷನ್. 14ನೇ ಸೆಕ್ಷನ್ ಪ್ರಕಾರ ತನ್ನ ಪರ ಮಾತಾಡುವವರನ್ನು ಅವನೇ ಹೆಸರಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು, ಸ್ಟಾಂಪ್ ಪೇಪರ್ ಬೇಡ. ಇನ್ನು ಪಾಲಿನ ವಿಷಯ. ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನ ಇಲ್ಲ ಅಂತ ಅರ್ಥ ಅಲ್ಲ, ಅದನ್ನು ಕೋರ್ಟೇ ಹೇಳಬೇಕು. ಆಸ್ಪತ್ರೆ ಚೀಟಿ ತೋರಿಸಿ ಯಾರಾದರೂ ಪಾಲಿನ ಪತ್ರಕ್ಕೆ ಅಣ್ಣನ ಸಹಿ ಬೇಡ ಅಂದರೆ ಒಪ್ಪಬೇಡಿ.

ತುಂಗೆಮಗಳು:

ಭಾನುವಾರ ಊರಿಗೆ ಹೋಗಿದ್ದೆ. ಬಚ್ಚಲ ಒಲೆ ಮುಂದೆ ಅವನ ಜೊತೆ ಕೂತೆ. ನಿದ್ದೆ ಸರಿ ಇದೆಯಂತೆ, ಕೈ ಇನ್ನೂ ನಡುಗುತ್ತದೆ. ಬಾಟಲಿ ಸಿಗುವ ಮೊದಲೇ ಅನುಮಾನ ಇತ್ತು ಅಂದ. "ಅಮ್ಮ ಬಡಿಸೋಕೆ ಮುಂಚೆ ಅಂಗೈಗೆ ಹಾಕ್ಕೊಂಡು ಉಪ್ಪು ನೋಡ್ತಿದ್ಲು. ನನ್ನ ತಂಬುಳಿಗೆ ಮಾತ್ರ ನೋಡೋದು ಬಿಟ್ಲು." ಮತ್ತೆ ಯಾಕೆ ಉಂಡೆ ಅಂದರೆ ಉತ್ತರ ಹೇಳಲಿಲ್ಲ, ಒಲೆಗೆ ಒಂದು ಸೋಗೆ ತುಂಡು ಹಾಕಿದ.

ಗುರುವಾರ ಇಲ್ಲಿನ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಬರುತ್ತಾನೆ. ಡಾಕ್ಟರ ಹತ್ತಿರ ಒಬ್ಬನೇ ಒಳಗೆ ಹೋಗುತ್ತಾನಂತೆ, ಅಪ್ಪಯ್ಯ ಬರಬಾರದಂತೆ, ನಾನು ಹೊರಗೆ ಬೆಂಚಿನ ಮೇಲೆ ಕೂರಬೇಕಂತೆ. ಆಯ್ತು ಅಂದಿದ್ದೇನೆ. ಬಿಳಿ ಹಾಳೆ ಕೊಟ್ಟು ಬಂದಿದ್ದೇನೆ, ಯಾರ ಹೆಸರು ಬರೆಯುತ್ತಾನೋ ಕೇಳಿಲ್ಲ.