58ಕ್ಕೆ ಕ್ಯಾಮೆರಾ, ಕತ್ತರಿ, ಗೋಂದು: ಎಲ್ಲಿಂದ ಶುರು ಮಾಡಲಿ?

ಬೆಲ್ಲದಚ್ಚು (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ, ಈಗ ನಿವೃತ್ತಿ. ಚಿತ್ರದ ಹುಚ್ಚು ಚಿಕ್ಕಂದಿನಿಂದ ಇತ್ತು, ಆದರೆ ಮನೆ, ಮಕ್ಕಳು, ಆಫೀಸು ಅಂತ ಅದು ಬಾಗಿಲ ಮುಂದಿನ ರಂಗೋಲಿ ದಾಟಲೇ ಇಲ್ಲ. ಈಗ ಮಗಳು ತನ್ನ ಹಳೇ ನಿಕಾನ್ ಕ್ಯಾಮೆರಾ ಕೊಟ್ಟಿದ್ದಾಳೆ, ಅದರ ಜೊತೆ ಬಂದಿದ್ದ 18-55 ಲೆನ್ಸೂ ಇದೆ.

ನಮ್ಮಪ್ಪ ಪಾಂಡವಪುರದ ಹತ್ತಿರ ಆಲೆಮನೆ ನಡೆಸುತ್ತಿದ್ದರು. ಅವರ ಲೆಕ್ಕದ ಪುಸ್ತಕ, ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿದ ತೂಕದ ಚೀಟಿ, ಹಳೇ ಕಪ್ಪುಬಿಳುಪು ಫೋಟೋ ಎಲ್ಲ ಒಂದು ಟ್ರಂಕಿನಲ್ಲಿವೆ. ಈಗಿನ ಆಲೆಮನೆಗಳ ಫೋಟೋ ನಾನೇ ತೆಗೆದು, ಈ ಕಾಗದಗಳ ಜೊತೆ ಅಂಟಿಸಿ, ಮೇಲೆ ಒಂದಿಷ್ಟು ಬಣ್ಣ, ಗೋಣಿದಾರದ ಹೊಲಿಗೆ, ಹೀಗೇನೋ ತಲೆಯಲ್ಲಿ ಓಡುತ್ತಿದೆ. ಇದಕ್ಕೆ ಮಿಕ್ಸ್ಡ್ ಮೀಡಿಯಾ ಅಂತಾರಂತೆ.

ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಂಥ ಕಡೆ ಸೇರಿ ಕಲಿಯದೆ ಇದೆಲ್ಲ ಆಗುತ್ತಾ? ಫೆವಿಕಾಲ್ ಹಾಕಿದರೆ ನಿಲ್ಲುತ್ತಾ? ಟೈಂಪಾಸ್‌ಗೆ ಮಾಡುವ ಮನಸ್ಸಿಲ್ಲ, ಗೋಡೆ ಮೇಲೆ ತೂಗುಹಾಕಿ ನಾಲ್ಕು ಜನಕ್ಕೆ ತೋರಿಸುವ ಮಟ್ಟಕ್ಕೆ ಬರಬೇಕು. ಮನೆಯವರು "ಈ ವಯಸ್ಸಲ್ಲಿ ಇದೆಲ್ಲಾ ಯಾಕೆ, ಮೇಲುಕೋಟೆಗೆ ಹೋಗಿ ಬಾ" ಅಂತಾರೆ. ಹೋಗ್ತೀನಿ, ಕ್ಯಾಮೆರಾ ತಗೊಂಡೇ ಹೋಗ್ತೀನಿ.

ಕುಕ್ಕರಹಳ್ಳಿ ವಾಕರ್:

ಮೇಡಂ, ವಯಸ್ಸಿನ ವಿಷಯ ಮೊದಲು ಮುಗಿಸಿಬಿಡೋಣ. ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅಂತ ಒಬ್ಬರಿದ್ದರು, ಹುಟ್ಟಿದ್ದು 1815ರಲ್ಲಿ, ನಮ್ಮ ಕಲ್ಕತ್ತದಲ್ಲೇ. 48ನೇ ವಯಸ್ಸಿನಲ್ಲಿ ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಕೊಟ್ಟರು. ಇದ್ದಿಲು ಕೋಣೆಯನ್ನು ಡಾರ್ಕ್‌ರೂಮ್ ಮಾಡಿಕೊಂಡರು, ಕೋಳಿಗೂಡನ್ನು ಸ್ಟುಡಿಯೋ ಮಾಡಿಕೊಂಡರು. ಇವತ್ತು ಫೋಟೋಗ್ರಫಿಯ ಚರಿತ್ರೆ ಬರೆಯುವವರು ಯಾರೂ ಅವರನ್ನು ಬಿಟ್ಟು ಬರೆಯೋದಿಲ್ಲ. ಕಾಗದ ಅಂಟಿಸುವ ಕೆಲಸ ಅಂದರೆ ಮೇರಿ ಡಿಲೇನಿ. ಗಂಡ ತೀರಿಕೊಂಡ ಮೇಲೆ, 1772ರಲ್ಲಿ, 72ನೇ ವಯಸ್ಸಿಗೆ, ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಾಳೆ ಮೇಲೆ ಹೂಗಳನ್ನು ಅಂಟಿಸಲು ಶುರು ಮಾಡಿದರು. ಕಣ್ಣು ಮಂಜಾಗುವ ತನಕ ಬಿಡಲಿಲ್ಲ, ಸಾವಿರದ ಹತ್ತಿರ ಆಯ್ತು. ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವರ ಲೆಕ್ಕದಲ್ಲಿ ನೀವಿನ್ನೂ ಹುಡುಗಿ.

ಕಪ್ಪುಬಿಳುಪು:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಆ ಇಬ್ಬರಿಗೂ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ ಅನ್ನೋದೂ ಗೊತ್ತಿರಲಿ. ಮೇಡಂ, ಇದರಿಂದ ದುಡ್ಡು ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಪೆನ್ಷನ್ ಇದ್ದರೆ ಧೈರ್ಯವಾಗಿ ಮಾಡಿ.

ಇನ್ನೊಂದು ಮಾತು, ಸ್ವಲ್ಪ ಖಾರ ಅನ್ನಿಸಬಹುದು. ಅಂಟಿಸೋದು ಆಮೇಲೆ, ಮೊದಲು ಫೋಟೋ ಗಟ್ಟಿ ಇರಲಿ. ಸಾಧಾರಣ ಫೋಟೋ ಮೇಲೆ ದಾರ ಹೊಲಿದು, ಬಣ್ಣ ಸುರಿದು, ಅದನ್ನು ಕಲೆ ಅಂತ ತೋರಿಸೋದು ಈಗ ಜಾಸ್ತಿ ಆಗಿದೆ. ನಮ್ಮ ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಬಂದವರು, ದೊಡ್ಡ ದೊಡ್ಡವರನ್ನೂ ತೆಗೆದಿದ್ದಾರೆ, ಆದರೆ ಮನಸ್ಸಲ್ಲಿ ಉಳಿಯೋದು ಮಕ್ಕಳು, ಬೀದಿ, ಸಾಮಾನ್ಯ ಜನ. ಅದರ ಮೇಲೆ ಏನೂ ಅಂಟಿಸುವ ಅಗತ್ಯ ಇಲ್ಲ. ಒಂದೇ ಆಲೆಮನೆ ಹಿಡಿಯಿರಿ, ಅಲ್ಲಿಗೇ ಮತ್ತೆ ಮತ್ತೆ ಹೋಗಿ. ಹತ್ತು ಆಲೆಮನೆಗೆ ಒಂದೊಂದು ಸಲ ಹೋದರೆ ಎಲ್ಲ ಫೋಟೋನೂ ಒಂದೇ ಥರ ಬರುತ್ತೆ.

ಗೋಂದಕ್ಕ (ಸರಸ್ವತಿಪುರಂ):

ಅಕ್ಕಾ, ಮೊದಲು ಒಂದು ವಿಷಯ: ಅಪ್ಪನ ಪುಸ್ತಕದ ಹಾಳೆಗಳನ್ನು ಕೀಳಬೇಡಿ! ಲೆಕ್ಕದ ಪುಸ್ತಕ ಶಾಯಿಯಲ್ಲಿ ಬರೆದಿದ್ದರೆ ಗೋಂದಿನ ನೀರು ತಾಗಿದ ಕೂಡಲೇ ಅಕ್ಷರ ಹರಡಿಕೊಳ್ಳುತ್ತೆ. ಎಲ್ಲವನ್ನೂ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಕೆಲಸಕ್ಕೆ ನಕಲು ಬಳಸಿ. ಒಂದು ಚೀಟಿಯನ್ನು ಹತ್ತು ಕಡೆ ಬೇಕಾದ ಅಳತೆಗೆ ಹಾಕಬಹುದು, ಅದೂ ಲಾಭವೇ ಅಲ್ವಾ.

ಫೆವಿಕಾಲ್ ಮರಕ್ಕೆ ಚೆನ್ನ. ತೆಳು ಕಾಗದಕ್ಕೆ ದಪ್ಪಗೆ ಬಳಿದರೆ ಸುಕ್ಕು ಬರುತ್ತೆ. ಮೈದಾ ಅಂಟಿಗೆ ಹುಳ ಬರುತ್ತೆ, ಪುಸ್ತಕದ ಬೈಂಡಿಂಗ್ ಮಾಡುವವರು ಅದಕ್ಕೇ ಮೈಲುತುತ್ತ ಸೇರಿಸುತ್ತಿದ್ದರು, ಅದು ವಿಷ, ಮನೆಯಲ್ಲಿ ಬೇಡ. ಅಕ್ರಿಲಿಕ್ ಮ್ಯಾಟ್ ಮೀಡಿಯಂ ಅಂತ ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ, ಬೆಲೆ ಸ್ವಲ್ಪ ಜಾಸ್ತಿ, ಆದರೆ ಅಂಟಿಸೋಕೂ ಮೇಲೆ ಬಳಿಯೋಕೂ ಅದೇ ಸಾಕು. ನ್ಯೂಸ್‌ಪೇಪರ್ ಮಾತ್ರ ಹಾಗೇ ಹಾಕಬೇಡಿ, ಬೇಗ ಹಳದಿ ತಿರುಗುತ್ತೆ.

ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ವಿಧಾನ ಒಂದಿದೆ, ಫೋಟೋ ಟ್ರಾನ್ಸ್‌ಫರ್, ಅಂದರೆ ಪ್ರಿಂಟಿನ ಚಿತ್ರವನ್ನು ಹಲಗೆಗೆ ಇಳಿಸೋದು. ಫೋಟೋವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ (ಇಲ್ಲದಿದ್ದರೆ ಚೀಟಿಯ ಅಕ್ಷರ ಉಲ್ಟಾ ಬರುತ್ತೆ) ಝೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಬೇಡ, ನೀರಿಗೆ ಕರಗುತ್ತೆ. ಪ್ಲೈವುಡ್ ಹಲಗೆಗೆ ಬಿಳಿ ಗೆಸ್ಸೋ (ಬಣ್ಣಕ್ಕೆ ಮುಂಚೆ ಬಳಿಯುವ ತಳದ ಲೇಪ) ಬಳಿದು ಒಣಗಿಸಿ, ಅದರ ಮೇಲೆ ಮೀಡಿಯಂ ಬಳಿದು, ಹಸಿ ಇರುವಾಗಲೇ ಪ್ರಿಂಟನ್ನು ಮಗುಚಿ ಹಾಕಿ, ಹಳೇ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ತೀಡಿ. ಗುಳ್ಳೆ ಉಳಿದ ಜಾಗದಲ್ಲಿ ಚಿತ್ರ ಹತ್ತೋದಿಲ್ಲ. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ಒದ್ದೆ ಸ್ಪಂಜು ಒತ್ತಿ, ಬೆರಳಿನಿಂದ ಮೆತ್ತಗೆ ಉಜ್ಜಿದರೆ ಕಾಗದ ಸಣ್ಣ ಸಣ್ಣ ಶಾವಿಗೆ ಎಳೆಯ ಹಾಗೆ ಸುರುಳಿ ಸುರುಳಿಯಾಗಿ ಬಿಟ್ಟುಕೊಳ್ಳುತ್ತೆ, ಟೋನರ್ (ಲೇಸರ್ ಪ್ರಿಂಟಿನ ಪುಡಿ ಶಾಯಿ) ಹಲಗೆಗೇ ಕಚ್ಚಿಕೊಂಡಿರುತ್ತೆ. ಒಣಗಿದ ಮೇಲೆ ಬಿಳಿ ಮಬ್ಬು ಮತ್ತೆ ಕಾಣುತ್ತೆ, ಮತ್ತೆ ಉಜ್ಜಬೇಕು. ಅವಸರ ಮಾಡಿದರೆ ಮುಖಾನೇ ಕಿತ್ತುಬರುತ್ತೆ. ಕೊನೆಗೆ ತೆಳ್ಳಗೆ ಒಂದು ಕೋಟ್ ಮೀಡಿಯಂ. ಅಲ್ಲಲ್ಲಿ ಹರಿದಂತೆ, ಸವೆದಂತೆ ಕಾಣುತ್ತೆ, ಆಲೆಮನೆಗೆ ಅದೇ ಚೆಂದ.

@ಕಪ್ಪುಬಿಳುಪು ಸರ್, ಫೋಟೋ ಪೂರ್ತಿ ಕಲಿತ ಮೇಲೇ ಅಂಟಿಸಬೇಕು ಅನ್ನೋದನ್ನು ನಾನು ಒಪ್ಪಲ್ಲ. ಅಂಟಿಸುತ್ತಾ ಹೋದರೇ ಯಾವ ಫೋಟೋ ಬೇಕು ಅನ್ನೋದು ತಿಳಿಯೋದು. ಎರಡೂ ಜೊತೆಗೇ ನಡೀಲಿ.

ಕಾವಾ ಹಳೇ ಹುಡುಗ:

ಕಾವಾದಲ್ಲಿ ಫೋಟೋಗ್ರಫಿ ವಿಭಾಗವೇ ಇದೆ, ಆದರೆ ಡಿಗ್ರಿ ಅಂದರೆ ವರ್ಷಗಟ್ಟಲೆ ದಿನಪೂರ್ತಿ ಕ್ಲಾಸು, ದಿನಾ ಮಂಡ್ಯದಿಂದ ಓಡಾಡಬೇಕು. ನಿಮಗೆ ಬೇಕಿರೋದು ಸರ್ಟಿಫಿಕೇಟ್ ಅಲ್ಲ, ತಪ್ಪು ಹೇಳುವ ಕಣ್ಣು. ಸಿದ್ಧಾರ್ಥನಗರದ ಕಾವಾದಲ್ಲಿ ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಬನ್ನಿ, ಮಾತಾಡಿ, ನಿಮ್ಮ ಕೆಲಸ ತೋರಿಸಿ. ಕಲಾಮಂದಿರದಲ್ಲಿ ಪ್ರದರ್ಶನ ಇದ್ದಾಗಲೂ ಹಾಗೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರು ವರ್ಷಕ್ಕೊಮ್ಮೆ ಚಿತ್ರಸಂತೆ ಮಾಡ್ತಾರೆ, ಮೊದಲ ಸಲ ಸುಮ್ನೆ ನೋಡೋಕೆ ಹೋಗಿ.

ಒಂದು ದಿನ ಜಗನ್ಮೋಹನ ಅರಮನೆಗೂ ಹೋಗಿ. ಎಲ್ಲರೂ ರವಿವರ್ಮನ ಮುಂದೆ, ಹಲ್ದಣ್ಕರ್ ಅವರ ದೀಪದ ಹೆಂಗಸಿನ ಮುಂದೆ ನಿಂತಿರ್ತಾರೆ. ನೀವು ಮೈಸೂರು ಶೈಲಿಯ ಚಿತ್ರಗಳನ್ನು ಪಕ್ಕದಿಂದ, ಓರೆಯಾಗಿ ನೋಡಿ. ಕಾಗದದ ಮೇಲೆ ಸಫೇದಾ (ಬಿಳಿ ಪುಡಿ), ಮಕ್ಕಿ (ಹಳದಿ ಮರದಂಟು), ಗೋಂದು ಸೇರಿಸಿದ ಉಬ್ಬುಕೆಲಸ, ಅದರ ಮೇಲೆ ಚಿನ್ನದ ರೇಕು, ಪಕ್ಕದಲ್ಲಿ ತೆಳು ಬಣ್ಣ. ನಾಲ್ಕೈದು ಸಾಮಾನು ಒಂದೇ ಹಾಳೆಯಲ್ಲಿ, ಯಾವುದೂ ಇನ್ನೊಂದರ ಮೇಲೆ ಜಗಳಕ್ಕೆ ಹೋಗಿಲ್ಲ. ಚಿನ್ನವನ್ನು ಎಲ್ಲಿ ಹಾಕಿಲ್ಲ ಅನ್ನೋದನ್ನು ನೋಡಿ ಬನ್ನಿ. ನಿಮ್ಮ ಗೋಣಿದಾರಕ್ಕೂ ಅದೇ ಲೆಕ್ಕ.

ಬೆಲ್ಲದಚ್ಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುಸ್ತಕ ಕೀಳಲ್ಲ, ಗೋಂದಕ್ಕ, ನಾಳೆಯೇ ಸ್ಕ್ಯಾನ್‌ಗೆ ಕೊಡ್ತೀನಿ. ಕಪ್ಪುಬಿಳುಪು ಸರ್, ಖಾರ ಏನೂ ಇಲ್ಲ, ಆದರೆ ಒಂದು ಹೇಳಿ. ಆಲೆಮನೆ ಒಳಗೆ ಕೊಪ್ಪರಿಗೆ ಹತ್ತಿರ ತೆಗೆದರೆ ಹಬೆ ಬೂದಿ ಬಣ್ಣಕ್ಕೆ ಬರುತ್ತೆ, ಜನರ ಮುಖ ಕಪ್ಪು. ಕ್ಯಾಮೆರಾ ಹೊಸದು ಬೇಕಾ?

ಕಪ್ಪುಬಿಳುಪು:

ಬೇಡವೇ ಬೇಡ, ಇರೋದೇ ಸಾಕು. ಕ್ಯಾಮೆರಾ ಬಿಳಿ ಹಬೆ ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಂಡು ತಾನೇ ಕಡಿಮೆ ಮಾಡುತ್ತೆ, ಅದಕ್ಕೆ ಮುಖ ಕಪ್ಪು. ಪ್ಲಸ್ ಮೈನಸ್ ಗುರುತಿನ ಬಟನ್ ಇದೆಯಲ್ಲ, ಅದನ್ನು +1ಕ್ಕೆ ಇಡಿ. ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 1600 ಇರಲಿ. ಚಳಿಗಾಲದ ಬೆಳಿಗ್ಗೆ ಹೊರಗಿನಿಂದ ಒಳಗೆ ಹೋದ ತಕ್ಷಣ ಲೆನ್ಸ್ ಮಂಜಾಗುತ್ತೆ, ಕ್ಯಾಮೆರಾ ಬ್ಯಾಗಿನಲ್ಲೇ ಕಾಲು ಗಂಟೆ ಇರಲಿ, ಅಷ್ಟರಲ್ಲಿ ಕೆಲಸದವರ ಜೊತೆ ಮಾತಾಡಿ. ಅಲ್ಲಿ ಲೆನ್ಸ್ ಬಿಚ್ಚಬೇಡಿ, ಬೆಲ್ಲದ ಹಬೆ ಅಂಟು. ಮತ್ತೆ ಮುಂದಿನ ಸಲ ಹೋಗುವಾಗ ತೆಗೆದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಅವರಿಗೆ ಕೊಡಿ, ವಾಟ್ಸಾಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ.