ಕಪ್ಪು ನಾಯಿಯ ಫೋಟೋದಲ್ಲಿ ಮುಖವೇ ಕಾಣುತ್ತಿಲ್ಲ, ಕ್ಯಾಮೆರಾ ತೆಗೆದರೆ ಓಡಿಹೋಗುತ್ತಾಳೆ. ಏನು ಮಾಡಲಿ?

ತೋಟದಮನೆ (ಆಲ್ದೂರು ಹತ್ತಿರ)

ಎಲ್ಲರಿಗೂ ನಮಸ್ಕಾರ. ನಮ್ಮ ನಾಯಿಯ ಹೆಸರು ಮೆಣಸಿ. ವಯಸ್ಸು 9. ಊರುನಾಯಿಯೇ. ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಮರದ ಬುಡದಲ್ಲಿ ಸಿಕ್ಕ ಮರಿ. ಒಣಗಿದ ಕಾಳಿನ ಹಾಗೇ ಕಪ್ಪು, ಅದಕ್ಕೇ ಆ ಹೆಸರು.

ಮುಂದಿನ ತಿಂಗಳು ಅಪ್ಪನಿಗೆ 70 ತುಂಬುತ್ತದೆ. ಮೆಣಸಿಯ ಒಂದು ಒಳ್ಳೆ ಫೋಟೋಗೆ ಕಟ್ಟು ಹಾಕಿಸಿ ಅವರಿಗೆ ಕೊಡಬೇಕು ಅಂತ ಆಸೆ. ನಮ್ಮ ಹಿಂದಿನ ನಾಯಿ ಹೋದಾಗ ಮನೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಒಂದೇ ಫೋಟೋ. ಅದೂ ಮದುವೆಯೊಂದರದ್ದು, ಮೂಲೆಯಲ್ಲಿ ಅದರ ಬಾಲ ಮಾತ್ರ ಇದೆ. ಈ ಸಲ ಹಾಗಾಗಬಾರದು.

ಕ್ಯಾಮೆರಾ ಕ್ಯಾನನ್ 1500ಡಿ, ಅದರ ಜೊತೆ ಬಂದ 18-55 ಲೆನ್ಸ್. ಹೊರಗೆ ತೆಗೆದರೆ ಮೆಣಸಿ ಒಂದು ಕಪ್ಪು ಗುಡ್ಡೆ, ಕಣ್ಣು ಮೂಗು ಒಂದೂ ಗೊತ್ತಾಗುವುದಿಲ್ಲ. ಒಳಗೆ ತೆಗೆದರೆ ಕಣ್ಣು ಹಸಿರು ದೀಪದ ಹಾಗೆ ಹೊಳೆಯುತ್ತದೆ. ಈಗಂತೂ ಕ್ಯಾಮೆರಾ ಬ್ಯಾಗಿನ ಜಿಪ್ ಎಳೆದರೆ ಸಾಕು, ಕಿವಿ ಹಿಂದಕ್ಕೆ ಹಾಕಿ ಸೌದೆ ಕೊಟ್ಟಿಗೆ ಸೇರುತ್ತಾಳೆ. ನೂರಕ್ಕೂ ಜಾಸ್ತಿ ತೆಗೆದಿದ್ದೇನೆ, ಒಂದೂ ಅವಳ ಹಾಗಿಲ್ಲ. ಒಂದು ವಾರದಿಂದ ಮಳೆ ಬೇರೆ ಬಿಟ್ಟಿಲ್ಲ. ದಯವಿಟ್ಟು ಸಹಾಯ ಮಾಡಿ.

ಮೋಡದ ಬೆಳಕು (ಸಕಲೇಶಪುರ)

ಮೇಡಂ, ಮೂರು ವಿಷಯ ತಿಳಿಸಿ. ಡಯಲ್ ಯಾವ ಮೋಡಿನಲ್ಲಿದೆ? ಫೋಟೋ ತೆಗೆಯುವಾಗ ಅವಳು ಎಲ್ಲಿ ಕೂತಿರುತ್ತಾಳೆ, ನೀವು ಎಲ್ಲಿ ನಿಂತಿರುತ್ತೀರಿ? ಫ್ಲ್ಯಾಶ್ ತಾನಾಗಿ ಎದ್ದು ನಿಲ್ಲುತ್ತದೆಯಾ?

ತೋಟದಮನೆ

ಯಾವಾಗಲೂ ಹಸಿರು ಆಟೋ, ಎಲ್ಲ ಕ್ಯಾಮೆರಾವೇ ನೋಡಿಕೊಳ್ಳುವುದು. ಹೌದು, ಫ್ಲ್ಯಾಶ್ ಟಕ್ ಅಂತ ಏಳುತ್ತದೆ. ಅವಳು ಜಗುಲಿ ಅಂಚಿನಲ್ಲಿ ಕೂತಿರುತ್ತಾಳೆ, ನಾನು ಬಾಗಿಲ ಹತ್ತಿರ ಒಳಗೆ. ಹಿಂದೆ ಅಂಗಳ, ಕಾಫಿ ಕಣ, ಮೇಲೆ ಆಕಾಶ. ಕಪ್ಪು ಪ್ರಾಣಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ತಗೊಳ್ಳುವ ಬೆಳಕು) ಮೈನಸ್ ಮಾಡಬೇಕು ಅಂತ ಎಲ್ಲೋ ಓದಿ, ಒಂದು ದಿನ ಅದನ್ನು ಬದಲಿಸಲು ಬಿಡುವ ಪಿ ಮೋಡಿಗೆ ಹಾಕಿ ಮೈನಸ್ 1 ಇಟ್ಟೆ. ಇನ್ನೂ ಕಪ್ಪಾಯಿತು.

ಮೋಡದ ಬೆಳಕು

ಈಗ ಗೊತ್ತಾಯಿತು.

ಮೈನಸ್ ಸಲಹೆ ಸುಳ್ಳಲ್ಲ, ಆದರೆ ನಿಮ್ಮ ಜಾಗಕ್ಕೆ ಹೊಂದುವುದಿಲ್ಲ. ಕ್ಯಾಮೆರಾಗೆ ಅದು ನಾಯಿ ಅಂತ ಗೊತ್ತಿರುವುದಿಲ್ಲ. ಎದುರಿಗಿರುವುದೆಲ್ಲ ಸೇರಿ ನಡುವಿನ ಬೂದು ಬಣ್ಣ ಬರಬೇಕು ಅಂತ ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕಪ್ಪು ನಾಯಿಯೇ ಇದ್ದರೆ ಅದನ್ನು ಬೂದು ಮಾಡಲು ಬೆಳಕು ಜಾಸ್ತಿ ತಗೊಳ್ಳುತ್ತದೆ. ಆಗ ಮೈನಸ್ ಬೇಕು. ನಿಮ್ಮಲ್ಲಿ ಚೌಕಟ್ಟಿನ ತುಂಬ ಇರುವುದು ಆಕಾಶ. ಅದನ್ನು ನೋಡಿ ಕ್ಯಾಮೆರಾ ಬೆಳಕು ಕಡಿಮೆ ಮಾಡಿತು, ಅದರ ಮೇಲೆ ನೀವೂ ಕಡಿಮೆ ಮಾಡಿದಿರಿ. ಅಲ್ಲಿ ಪ್ಲಸ್ ಮಾಡಬೇಕಿತ್ತು.

ಆದರೆ ಪ್ಲಸ್ ಮಾಡುವುದಕ್ಕಿಂತ ನೀವು ಜಾಗ ಬದಲಿಸುವುದೇ ಒಳ್ಳೆಯದು. ಕಪ್ಪು ರೋಮದ ಆಕಾರ ಕಾಣುವುದು ಅದರ ಹೊಳಪಿನಿಂದ ಮಾತ್ರ. ಕೆನ್ನೆ ಎಲ್ಲಿ ಮುಗಿಯಿತು, ಕತ್ತು ಎಲ್ಲಿ ಶುರುವಾಯಿತು ಅಂತ ಹೇಳುವುದು ಆ ಸಣ್ಣ ಹೊಳಪು. ಅದಕ್ಕೆ ದೊಡ್ಡದಾದ, ಮೆತ್ತಗಿನ ಬೆಳಕು ಒಂದು ಪಕ್ಕದಿಂದ ಬೀಳಬೇಕು. ಮಳೆಗಾಲದ ಆಕಾಶಕ್ಕಿಂತ ದೊಡ್ಡ ಮೆತ್ತಗಿನ ದೀಪ ಯಾವ ಸ್ಟುಡಿಯೋದಲ್ಲೂ ಇಲ್ಲ. ಮಳೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಬೇಸಿಗೆಯ ಮಧ್ಯಾಹ್ನ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ಹಾಗಾಗಿ ಅವಳು ಜಗುಲಿಯಲ್ಲೇ ಇರಲಿ, ಮುಖ ಅಂಗಳದ ಕಡೆಗಿರಲಿ. ನೀವು ಸೂರಿನ ಕೆಳಗೆ, ಮೆಟ್ಟಿಲ ಹತ್ತಿರ, ಸ್ವಲ್ಪ ಓರೆಯಾಗಿ ಕೂತುಕೊಳ್ಳಿ. ನಿಂತು ತೆಗೆಯಬೇಡಿ, ನಿಮ್ಮ ಕಣ್ಣು ಅವಳ ಕಣ್ಣಿನ ಮಟ್ಟಕ್ಕೆ ಬರಬೇಕು. ಅವಳ ಹಿಂದೆ ಕತ್ತಲ ಬಾಗಿಲು ಬೇಡ, ಸುಣ್ಣ ಬಳಿದ ಗೋಡೆ ಬರಲಿ. ಕೆಂಪು ನೆಲ ಇದ್ದರೆ ಇನ್ನೂ ಚೆನ್ನ.

ಡಯಲ್ ಎಂ ಮೋಡಿಗೆ ತಿರುಗಿಸಿ, ಅದರಲ್ಲಿ ಎಲ್ಲ ನಾವೇ ಇಡುವುದು. ಲೆನ್ಸ್ ಪೂರ್ತಿ ಜೂಮ್ ಮಾಡಿ 55ಕ್ಕೆ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6, ಶಟರ್ (ಬೆಳಕು ಬೀಳುವ ಹೊತ್ತು) 1/250 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200. ಒಂದು ಫೋಟೋ ತೆಗೆದು ಅವಳ ಕೆನ್ನೆ ನೋಡಿ. ರೋಮ ಎಳೆಎಳೆಯಾಗಿ ಕಾಣದಿದ್ದರೆ ಐಎಸ್‌ಒ 6400 ಮಾಡಿ. ಆಮೇಲೆ ಮುಟ್ಟಬೇಡಿ. ಹಿಂದೆ ಆಕಾಶ ಬರಲಿ, ಗೋಡೆ ಬರಲಿ, ಅವಳ ಮೇಲಿನ ಬೆಳಕು ಅದೇ ಅಲ್ವಾ? ಮೋಡ ಜಾಸ್ತಿ ಕವಿದರೆ ಮಾತ್ರ ಮತ್ತೆ ನೋಡಿಕೊಳ್ಳಿ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಹದ ಮಾಡದ ಕಚ್ಚಾ ಫೈಲಿನಲ್ಲಿ ತೆಗೆದರೆ ಕಪ್ಪಿನೊಳಗಿನ ವಿವರ ಆಮೇಲೆ ಎತ್ತಬಹುದು.

ಫೋಕಸ್ಸಿಗೆ ನಡುವಿನ ಚುಕ್ಕಿ ಒಂದನ್ನೇ ಇಟ್ಟುಕೊಳ್ಳಿ. ಬರೀ ಕಪ್ಪು ರೋಮದ ಮೇಲೆ ಇಟ್ಟರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಕಣ್ಣಿನಲ್ಲಿ ಆಕಾಶದ ಬಿಳಿ ಚುಕ್ಕಿ ಕಾಣುತ್ತದಲ್ಲ, ಅದರ ಮೇಲಿಡಿ.

ಇನ್ನು ಫ್ಲ್ಯಾಶ್. ಅವಳ ಹೆದರಿಕೆಗೆ ಇದೇ ಕಾರಣ ಅಂತ ನನಗನ್ನಿಸುತ್ತದೆ. ಈ ಕ್ಯಾಮೆರಾದಲ್ಲಿ ಫೋಕಸ್ಸಿಗೆ ಅಂತ ಬೇರೆ ಪುಟ್ಟ ದೀಪ ಇಲ್ಲ. ಕತ್ತಲಲ್ಲಿ ಆಟೋದಲ್ಲಿದ್ದರೆ ಫ್ಲ್ಯಾಶ್ ತಾನೇ ಎದ್ದು, ಫೋಟೋಗೆ ಮೊದಲೇ ಪಟಪಟ ಅಂತ ನಾಲ್ಕಾರು ಸಲ ಮಿಂಚುತ್ತದೆ. ನಾಲ್ಕು ಅಡಿ ದೂರದಲ್ಲಿ ಮಿಂಚು ಹೊಡೆದ ಹಾಗೆ. ಎಂ ಮೋಡಿನಲ್ಲಿ ನೀವು ಎಬ್ಬಿಸದೆ ಫ್ಲ್ಯಾಶ್ ಏಳುವುದಿಲ್ಲ. ಮೆನುವಿನಲ್ಲಿ ಬೀಪ್ ಸದ್ದನ್ನೂ ತೆಗೆದುಬಿಡಿ. ಹಸಿರು ಕಣ್ಣೂ ಫ್ಲ್ಯಾಶಿನದೇ ಕೆಲಸ. ನಾಯಿ, ಬೆಕ್ಕು, ದನಗಳಿಗೆ ರೆಟಿನಾದ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಕತ್ತಲಲ್ಲಿ ಚೆನ್ನಾಗಿ ಕಾಣಲು ಇರುವ ಪದರ ಅದು. ಫ್ಲ್ಯಾಶ್ ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ.

ಹಳೇ ಕಾಂಪೌಂಡರ್ (ಬೇಲೂರು)

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕ್ಯಾಮೆರಾ ವಿಷಯ ಅವರು ಹೇಳಿದ್ದಾರೆ, ನಾಯಿ ವಿಷಯ ನಾನು ಹೇಳುತ್ತೇನೆ.

ತಂಗೀ, ಮೂರು ನಾಲ್ಕು ದಿನ ಫೋಟೋ ತೆಗೆಯಲೇಬೇಡಿ. ಕ್ಯಾಮೆರಾ ಜಗುಲಿ ಮೇಲೆ ಸುಮ್ನೆ ಬಿದ್ದಿರಲಿ. ಅವಳೇ ಬಂದು ಮೂಸಿದರೆ ಒಂದು ಚೂರು ಮೊಟ್ಟೆಯೋ ರೊಟ್ಟಿಯೋ ಕೊಡಿ. ಆಮೇಲೆ ಕೈಯಲ್ಲಿ ಹಿಡಿದು ಕೊಡಿ. ಆಮೇಲೆ ಅವಳ ಕಡೆ ತಿರುಗಿಸದೆ ಎರಡು ಸಲ ಕ್ಲಿಕ್ ಮಾಡಿ, ಕೊಡಿ. ಬ್ಯಾಗಿನ ಜಿಪ್ ಸದ್ದಿಗೂ ಹೀಗೇ ಮಾಡಿ. ಅವಳು ಹೆದರಲು ಕಲಿತಿರುವುದು ಆ ಸದ್ದಿನಿಂದಲೇ.

ನಿದ್ದೆ ಬರದಿದ್ದರೂ ಆಕಳಿಸಿದರೆ, ತಿನ್ನಲು ಏನಿಲ್ಲದಿದ್ದರೂ ತುಟಿ ನೆಕ್ಕಿದರೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಭಾಗ ತೋರಿಸಿದರೆ ಆ ದಿನಕ್ಕೆ ನಿಲ್ಲಿಸಿ. ಇವನ್ನು ಕೆಲವರು ಚಂದದ ಫೋಟೋ ಅಂತ ಹಾಕುತ್ತಾರೆ. ನೋಡಿದರೆ ನನಗೆ ಸಂಕಟ ಆಗುತ್ತದೆ. ಹಿಡಿದು ಕೂರಿಸುವುದಂತೂ ಬೇಡವೇ ಬೇಡ. ಸೌದೆ ಕೊಟ್ಟಿಗೆಗೆ ಹೋಗುವ ದಾರಿ ಅವಳಿಗೆ ಯಾವಾಗಲೂ ತೆರೆದಿರಲಿ.

ಎರಡು ಬೆಕ್ಕಿನ ಮನೆ (ಹಾಸನ)

ನನ್ನ ಎರಡು ಬೆಕ್ಕೂ ಒಂದೇ ಸೂಲಿನವು. ಒಂದಕ್ಕೆ ಕಿಟಕಿ ಬೇಕು, ಇನ್ನೊಂದಕ್ಕೆ ಹಾಸಿಗೆ ಅಡಿ ಬೇಕು. ಎರಡನ್ನೂ ಒಂದೇ ದಿಂಬಿನ ಮೇಲೆ ಕೂರಿಸಿ ತೆಗೆದಾಗ ಎರಡೂ ಬೇರೆ ಯಾರದೋ ಬೆಕ್ಕಿನ ಹಾಗೆ ಬಂದವು. ಹಾಸಿಗೆ ಅಡಿಯಿಂದ ಎರಡು ಕಣ್ಣು, ಒಂದು ಪಂಜ ಮಾತ್ರ ಕಾಣುವ ಫೋಟೋ ಇದೆ. ನೋಡಿದವರೆಲ್ಲ ಇದು ನಮ್ಮ ಹೇಡಿ ಪುಟ್ಟಿಯೇ ಅನ್ನುತ್ತಾರೆ.

ಅದಕ್ಕೇ ಕೇಳುತ್ತೇನೆ ಅಕ್ಕಾ, ಮೆಣಸಿ ಎಂಥವಳು? ದಿನವಿಡೀ ಏನು ಮಾಡುತ್ತಾಳೆ? ಕೂತು ಕ್ಯಾಮೆರಾ ನೋಡುವುದು ಅವಳ ಅಭ್ಯಾಸವೇ ಅಲ್ಲದಿದ್ದರೆ ಆ ಫೋಟೋದಲ್ಲಿ ಅವಳು ಹೇಗೆ ಬರುತ್ತಾಳೆ?

ರಾತ್ರಿ ಎಲ್ಇಡಿ ದೀಪದಲ್ಲಿ ತೆಗೆಯುವುದಾದರೆ ಒಂದು ಮಾತು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಕೆಲವು ದೀಪದಲ್ಲಿ 1/250 ಇಟ್ಟರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕಪ್ಪಗೆ, ಪಟ್ಟೆ ಪಟ್ಟೆ ಕೂಡ ಬರುತ್ತದೆ. ಅಲ್ಲಿ 1/100 ಇಡಿ.

ತೋಟದಮನೆ

ಇದನ್ನು ಯಾರೂ ಕೇಳಿರಲಿಲ್ಲ. ಬರೆಯುತ್ತಾ ಕೂತರೆ ರಾತ್ರಿಯಾಗುತ್ತದೆ.

ಮೆಣಸಿ ಕರೆದರೆ ಬರುವವಳಲ್ಲ. ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತಾಳೆ, ಮುಟ್ಟಿದರೆ ಒಂದು ಗೇಣು ದೂರ ಸರಿಯುತ್ತಾಳೆ, ಎದ್ದು ಹೋಗುವುದಿಲ್ಲ. ಬಲಗಿವಿ ನೆಟ್ಟಗೆ, ಎಡಗಿವಿ ಅರ್ಧಕ್ಕೆ ಮಡಚಿದೆ. ಮರಿಯಾಗಿದ್ದಾಗಿಂದಲೂ ಹಾಗೇ. ತೋಟದಿಂದ ಬಂದರೆ ಅಂಗಳದಲ್ಲೇ ನಿಂತು ಕಾಲು ಎತ್ತಿ ತೋರಿಸುತ್ತಾಳೆ, ಇಂಬಳ ತೆಗೆಯಿರಿ ಅಂತ. ತೆಗೆದ ಮೇಲೇ ಮೆಟ್ಟಿಲು ಹತ್ತುವುದು.

ಅಪ್ಪ ಪೇಟೆಗೆ ಹೋದರೆ ಅವರ ಗಂಬೂಟಿನ ಮೇಲೆ ಗಲ್ಲ ಇಟ್ಟು ಮಲಗುತ್ತಾಳೆ. ಯಾವುದೋ ಒಂದರ ಮೇಲಲ್ಲ, ಎಡಗಾಲಿನದರ ಮೇಲೆಯೇ. ಸಂಜೆ ಜೀಪು ಹಳ್ಳದ ಮೋರಿ ದಾಟುವುದು ನಮಗ್ಯಾರಿಗೂ ಕೇಳುವುದಿಲ್ಲ, ಮಳೆ ಸದ್ದಿನಲ್ಲೂ ಅವಳಿಗೆ ಕೇಳುತ್ತದೆ. ಎದ್ದು ನಿಂತು ಮುಂಗಾಲು ಒಂದನ್ನು ಎತ್ತಿ ಹಾಗೇ ಇರುತ್ತಾಳೆ. ಬೊಗಳುವುದಿಲ್ಲ. ಅವಳು ಎದ್ದಳು ಅಂದರೆ ಅಮ್ಮ ಕಾಫಿಗೆ ನೀರು ಇಡುತ್ತಾರೆ.

ಎರಡು ಬೆಕ್ಕಿನ ಮನೆ

ಅಯ್ಯೋ ಮಾರಾಯ್ರೆ, ಫೋಟೋ ಸಿಕ್ಕಿಬಿಟ್ಟಿತಲ್ಲ! ಬೂಟಿನ ಮೇಲೆ ಗಲ್ಲ ಒಂದು, ಕಾಲೆತ್ತಿ ನಿಂತಿದ್ದು ಒಂದು. ಅಪ್ಪ ಮನೆಯಲ್ಲಿ ಇಲ್ಲದಾಗ ಅವಳು ಹೇಗಿರುತ್ತಾಳೆ ಅಂತ ಅಪ್ಪ ಒಬ್ಬರೇ ನೋಡಿಲ್ಲ.

1946ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಫೋಟೋಗ್ರಾಫರ್ ಎಲಿಯಟ್ ಅರ್ವಿಟ್ ತೆಗೆದ ಒಂದು ಫೋಟೋ ಇದೆ. ಸ್ವೆಟರ್ ಹಾಕಿದ ಪುಟಾಣಿ ಚಿಹುವಾಹುವಾ ನಾಯಿ, ಪಕ್ಕದಲ್ಲಿ ಒಬ್ಬ ಹೆಂಗಸಿನ ಪಾದಗಳು ಮಾತ್ರ. ಕ್ಯಾಮೆರಾ ನೆಲದ ಮಟ್ಟದಲ್ಲಿದೆ. ನಾಯಿ ಎಷ್ಟು ಚಿಕ್ಕದು, ಅದಕ್ಕೆ ಲೋಕ ಹೇಗೆ ಕಾಣುತ್ತದೆ ಅಂತ ಆ ಪಾದಗಳೇ ಹೇಳುತ್ತವೆ. ನಿಮ್ಮ ಚಿತ್ರದಲ್ಲಿ ಬೂಟು ಹಾಗೆ. ಕತ್ತರಿಸಬೇಡಿ, ಪೂರ್ತಿ ಬರಲಿ. ಬೂಟನ್ನು ತೊಳೆಯಲೂ ಬೇಡಿ.

ಮೋಡದ ಬೆಳಕು

ನಾನೂ ಇದನ್ನೇ ಹೇಳುತ್ತೇನೆ. ಜೀಪು ಬರುವ ಅರ್ಧ ಗಂಟೆ ಮೊದಲೇ ಮೆಟ್ಟಿಲ ಹತ್ತಿರ ಕೂತುಬಿಡಿ. ಸೆಟ್ಟಿಂಗ್ ಮೊದಲೇ ಮುಗಿದಿರಲಿ. ಹೆಸರು ಕರೆಯಬೇಡಿ, ಚಪ್ಪಾಳೆ ಬೇಡ, ಬಿಸ್ಕತ್ತು ಬೇಡ. ಕರೆದರೆ ಅವಳು ನಿಮ್ಮ ಕಡೆ ನೋಡುತ್ತಾಳೆ, ನಿಮಗೆ ಬೇಕಾಗಿರುವುದು ಮೋರಿಯ ಕಡೆ ನೋಡುವ ಮೆಣಸಿ. ಅವಳು ನೋಡುವ ದಿಕ್ಕಿನಲ್ಲಿ ಚೌಕಟ್ಟಿನಲ್ಲಿ ಸ್ವಲ್ಪ ಖಾಲಿ ಜಾಗ ಬಿಡಿ. ಸತತವಾಗಿ ಒತ್ತಿ ಹಿಡಿದರೆ ಈ ಕ್ಯಾಮೆರಾ ಸೆಕೆಂಡಿಗೆ 3 ಫೋಟೋ ತೆಗೆಯುತ್ತದೆ, ನಿಂತ ನಾಯಿಗೆ ಅಷ್ಟು ಸಾಕು. ಓಡಿದರೆ 1/1000 ಬೇಕು, ಆ ಬೆಳಕಿನಲ್ಲಿ ಈ ಲೆನ್ಸಿಗೆ ಆಗುವುದಿಲ್ಲ. ಓಟ ಬಿಟ್ಟುಬಿಡಿ.

ತೋಟದಮನೆ (ಒಂಬತ್ತು ದಿನದ ನಂತರ)

ಕಾಂಪೌಂಡರ್ ಸರ್, ಐದನೇ ದಿನಕ್ಕೆ ಅವಳೇ ಬಂದು ಲೆನ್ಸ್ ನೆಕ್ಕಿದಳು! ಈಗ ಜಿಪ್ ಸದ್ದಿಗೆ ಬಾಲ ಆಡಿಸುತ್ತಾಳೆ.

ಬೆಳಕು ಸರಿಹೋಯಿತು, ಮುಖ ಕಾಣುತ್ತಿದೆ. ಆದರೆ ಎಲ್ಲ ಫೋಟೋದ ಮೇಲೂ ಹಾಲು ಚೆಲ್ಲಿದ ಹಾಗೆ ಮಂಜು. ಅವಳು ನೆಕ್ಕಿದ್ದನ್ನು ಒರೆಸಿದ್ದೇನೆ.

ಮೋಡದ ಬೆಳಕು

ಲೆನ್ಸ್ ಮುಂದೆ ಫಿಲ್ಟರ್ (ತಿರುಗಿಸಿ ಹಾಕುವ ತೆಳು ಗಾಜು) ಇದೆಯಾ? ಬಿಚ್ಚಿ, ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಲೆನ್ಸನ್ನೂ ಹಾಗೇ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು.

ತೋಟದಮನೆ

ಫಿಲ್ಟರಿನ ಒಳಮೈ ತುಂಬ ಎಳೆ ಎಳೆ. ಲೆನ್ಸ್ ಸ್ವಚ್ಛವಾಗಿದೆ. ಫಿಲ್ಟರ್ ತೆಗೆದು ತೆಗೆದರೆ ಮಂಜು ಇಲ್ಲ!

ಮೋಡದ ಬೆಳಕು

ಬದುಕಿತು ಲೆನ್ಸ್. ನಮ್ಮ ಕಡೆ ಮಳೆಗಾಲದಲ್ಲಿ ಬ್ಯಾಗಿನಲ್ಲಿ, ಬೀರುವಿನಲ್ಲಿ ಇಡಲೇಬಾರದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಲಿ. ಆ ಫಿಲ್ಟರ್ ಡಬ್ಬಿಯೊಳಗೆ ಹಾಕಬೇಡಿ.

ತೋಟದಮನೆ

ನಿನ್ನೆ ಸಿಕ್ಕಿತು. ಬೂಟಿನ ಫೋಟೋ ಮೊನ್ನೆಯೇ ಸಿಕ್ಕಿತ್ತು. ನಿನ್ನೆ ಸಂಜೆ 5 ಗಂಟೆಗೆ ಅವಳು ಎದ್ದಳು. ಬಲಗಿವಿ ಮೇಲೆ, ಎಡಗಿವಿ ಮಡಚಿದ್ದು ಹಾಗೇ, ಮುಂಗಾಲು ಗಾಳಿಯಲ್ಲಿ. ಏಳು ಫೋಟೋ ಬಂದವು, ಎರಡರಲ್ಲಿ ಕಣ್ಣು ಸ್ಪಷ್ಟವಾಗಿದೆ. ಅಮ್ಮ ನೋಡಿ ಏನೂ ಮಾತಾಡಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಒಂದು ಸಂಶಯ. ಹತ್ತಿರದಿಂದ ನೋಡಿದರೆ ಅವಳ ಕಣ್ಣಿನ ಒಳಗೆ ನೀಲಿ ಮಂಜಿನ ಹಾಗಿದೆ. ಮೂತಿಯಲ್ಲಿ ನರೆತ ಕೂದಲೂ ಇದೆ. ಕಂಪ್ಯೂಟರಿನಲ್ಲಿ ಸರಿಮಾಡಲೇ?

ಹಳೇ ಕಾಂಪೌಂಡರ್

ವಯಸ್ಸಾದ ನಾಯಿಗಳಲ್ಲಿ ಕಣ್ಣಿನ ಮಸೂರ ಗಟ್ಟಿಯಾಗಿ ಹೀಗೆ ನೀಲಿ ಛಾಯೆ ಬರುವುದು ಸಾಮಾನ್ಯ, ಅದರಿಂದ ನೋಟಕ್ಕೆ ಹೆಚ್ಚು ತೊಂದರೆ ಇಲ್ಲ. ಪೊರೆ ಆದರೆ ಬೆಳ್ಳಗಿರುತ್ತದೆ, ನೋಟ ಹೋಗುತ್ತದೆ. ಫೋಟೋ ನೋಡಿ ಎರಡನ್ನೂ ಬೇರೆ ಮಾಡಲಾಗದು, ಒಮ್ಮೆ ಡಾಕ್ಟರಿಗೆ ತೋರಿಸಿ. ಚಿತ್ರದಲ್ಲಿ ಮಾತ್ರ ಅಳಿಸಬೇಡಿ ತಂಗೀ. ನಿಮ್ಮ ಅಪ್ಪ ದಿನಾ ನೋಡುವುದು ಆ ಕಣ್ಣನ್ನೇ, ಆ ನರೆತ ಮೂತಿಯನ್ನೇ.

ಮೋಡದ ಬೆಳಕು

ಪ್ರಿಂಟ್ ಹಾಕಿಸುವಾಗ ನೆನಪಿಡಿ. ಪರದೆಗಿಂತ ಕಾಗದದಲ್ಲಿ ಕಪ್ಪು ಜಾಸ್ತಿ ಮುಚ್ಚಿಕೊಳ್ಳುತ್ತದೆ. ಕಪ್ಪು ಭಾಗವನ್ನು ಸ್ವಲ್ಪ ಎತ್ತಿ, ಮೊದಲು 4x6 ಇಂಚಿನದು ಒಂದು ಹಾಕಿಸಿ, ಕಟ್ಟು ತೂಗುಹಾಕುವ ಗೋಡೆಯ ಹತ್ತಿರ ಹಿಡಿದು ನೋಡಿ. ಕಾಗದ ಮ್ಯಾಟ್ ಇರಲಿ, ಹೊಳೆಯುವುದಾದರೆ ಕಪ್ಪಿನ ಮೇಲೆ ಕಿಟಕಿಯೇ ಕಾಣುತ್ತದೆ.

ತೋಟದಮನೆ

ಭಾನುವಾರ ಚಿಕ್ಕಮಗಳೂರಿಗೆ ಹೋಗುವುದಿದೆ, 4x6 ಹಾಕಿಸುತ್ತೇನೆ. ಮೆಣಸಿಯನ್ನೂ ಕರೆದುಕೊಂಡು ಹೋಗಿ ಕಣ್ಣು ತೋರಿಸಿ ಬರುತ್ತೇನೆ. ಅಪ್ಪನಿಗೆ ಹೇಳಿರುವುದು ಕಣ್ಣಿನ ವಿಷಯ ಮಾತ್ರ.