ಅಪ್‌ಡೇಟ್: ಮಾಲ್ಡೀವ್ಸ್‌ನಲ್ಲಿ ಕೈಗಾಳಕ್ಕೆ ಕೊನೆಗೂ ಮೀನು ಬಿತ್ತು

ಮಾಲ್ಡೀವ್ಸ್ ಪ್ರವಾಸದಲ್ಲಿ ಕೈಗಾಳ (ಕೋಲಿಲ್ಲದೆ ದಾರವನ್ನು ಕೈಯಲ್ಲೇ ಹಿಡಿಯುವ ಗಾಳ) ಹಾಕಿದರೆ ಮೀನು ಎರೆ ತಿಂದು ಪರಾರಿಯಾಗುತ್ತೆ, ದಾರ ಬೆರಳು ಕೊಯ್ಯುತ್ತೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಹೊರಡುವ ಮುಂಚೆ ಮತ್ತೆ ದೋಣಿ ಹತ್ತಿದೆ.

ಕೆಲಸ ಮಾಡಿದ್ದು 'ತಳ ಮುಟ್ಟಿಸಿ ಸ್ವಲ್ಪ ಮೇಲೆತ್ತಿ' ಅನ್ನೋ ಸಲಹೆ. ದಾರಕ್ಕೆ ಕಟ್ಟಿದ ಸೀಸದ ಗುಂಡು ಸಮುದ್ರದ ತಳಕ್ಕೆ ತಾಗಿದ ಕೂಡಲೇ ದಾರ ಸಡಿಲವಾಗುತ್ತೆ. ಆಗ ಅರ್ಧ ಮಾರು ಎಳೆದುಕೊಂಡು, ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಸುಮ್ನೆ ಕೂರಬೇಕು. ಮೊದಲು ಟಕ್ ಟಕ್ ಅಂತ ಸಣ್ಣ ಕುಟುಕು. ಅದಕ್ಕೆ ಎಳೆಯಬಾರದು. ಆಮೇಲೆ ಭಾರವಾಗಿ ಜಗ್ಗುತ್ತೆ ನೋಡಿ, ಆಗ ಎಳೆಯಬೇಕು. ಹೀಗೇ ಒಂದು ಕೆಂಪನೆಯ ಸ್ನ್ಯಾಪರ್ ಮೀನು ಬಿತ್ತು!

ದಪ್ಪ ಗ್ಲೌಸ್ ಉಪಯೋಗಕ್ಕೆ ಬರಲಿಲ್ಲ, ಕುಟುಕೋದೇ ಗೊತ್ತಾಗಲ್ಲ. ಬೆರಳಿಗೆ ಬಟ್ಟೆ ಪಟ್ಟಿ ಸುತ್ತಿದ್ದೇ ಸಾಕಾಯ್ತು. ದಾರವನ್ನು ಮಾತ್ರ ಕೈಗೆ ಸುತ್ತಿಕೊಳ್ಳಬೇಡಿ, ದೊಡ್ಡ ಮೀನು ಜಗ್ಗಿದರೆ ಬೆರಳಿಗೇ ಅಪಾಯ. ಎರೆಗೆ ಟ್ಯೂನಾ ಮೀನಿನ ತುಂಡು ದೊಡ್ಡದು ಹಾಕಿ ಅಂದಿದ್ರಲ್ಲ, ಅದೂ ಅಷ್ಟಕ್ಕಷ್ಟೇ. ಚಿಕ್ಕ ತುಂಡನ್ನು ಚರ್ಮ ಸಮೇತ ಚುಚ್ಚಿದಾಗ ಗಾಳದಲ್ಲಿ ನಿಂತಿತು.

ನಾನು ಅಂದುಕೊಂಡಿರದ ಸಂಗತಿ, ಕತ್ತಲಾದ ಮೇಲೇ ಜಾಸ್ತಿ ಕಚ್ಚಿದ್ದು. ಸ್ನ್ಯಾಪರ್‌ಗಳಲ್ಲಿ ಹಲವು ರಾತ್ರಿ ಮೇಯುವ ಜಾತಿಯವು. ಸೂರ್ಯಾಸ್ತದ ಫೋಟೋ ತೆಗೆಸಿ ವಾಪಸ್ ತರೋ ಟ್ರಿಪ್‌ಗಿಂತ, ಆಮೇಲೂ ಸ್ವಲ್ಪ ಹೊತ್ತು ಲಂಗರು ಹಾಕಿ ನಿಲ್ಲುವ ದೋಣಿ ಕೇಳಿ ಬುಕ್ ಮಾಡಿ.